ಮದುವೆಯ ಸ್ಟೀಲ್ ವಾಚಿಗೆ ವಜ್ರ ಕೂಡಿಸಬಹುದಾ? ಬಲ್ಲವರು ಹೇಳಿ

ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಅಕ್ಕನ ಮದುವೆ ಮಾಘದಲ್ಲಿ ಇದೆ. ಭಾವನಿಗೆ ಕೊಡೋಣ ಅಂತ ಒಂದು ಸ್ವಿಸ್ ಆಟೋಮ್ಯಾಟಿಕ್ ವಾಚ್ ತಂದಿದ್ದೇವೆ. ಸ್ಟೀಲಿನದು, ನೀಲಿ ಡಯಲ್, ಬಹಳ ಚೆನ್ನಾಗಿದೆ. ಆದರೆ ಅಜ್ಜಿಗೆ, ದೊಡ್ಡಪ್ಪನಿಗೆ ಅದು ಮದುವೆಯ ವಾಚ್ ಅಂತ ಅನಿಸುತ್ತಿಲ್ಲ. "ಬೋಳು ಬೋಳು ಕಾಣುತ್ತದೆ" ಅಂತಾರೆ. ಪೇಟೆಯಲ್ಲಿ ಒಬ್ಬರು ಗಾಜಿನ ಸುತ್ತಿನ ಬೆಜೆಲ್ ಮೇಲೆ ಒಂದು ಸಾಲು ವಜ್ರ ಕೂಡಿಸಿ ಕೊಡುತ್ತೇವೆ, ವಾರದಲ್ಲಿ ರೆಡಿ ಅಂದಿದ್ದಾರೆ. ಅವರು ಹೇಳಿದ ರೇಟು ನಮಗೆ ಭಾರ ಅಲ್ಲ.

ಕೇಳಬೇಕಾದದ್ದು ಎರಡು. ಹೀಗೆ ಮಾಡಿಸುವುದು ಸರಿಯಾ? ಇನ್ನೊಂದು, ಇದೇ ಮಾಡೆಲ್‌ನಲ್ಲಿ ಕಂಪನಿಯೇ ವಜ್ರ ಕೂಡಿಸಿದ ವಾಚಿಗೆ ಅಷ್ಟೊಂದು ಜಾಸ್ತಿ ಬೆಲೆ ಯಾಕೆ? ಆ ಸಣ್ಣ ಹರಳುಗಳನ್ನೆಲ್ಲ ಒಟ್ಟಿಗೆ ತೂಗಿದರೂ ಅಷ್ಟು ಆಗುವುದಿಲ್ಲ ಅಲ್ವಾ?

ಗಡಿಯಾರ ರಿಪೇರಿ, ಧಾರವಾಡ

ತಮ್ಮಾ, ಅಡ್ವಾನ್ಸ್ ಕೊಟ್ಟಿಲ್ಲ ಅಂದರೆ ಇನ್ನೂ ಕೊಡಬೇಡ.

ಬೆಜೆಲ್ ಅಂದರೆ ಸುಮ್ನೆ ಅಂದಕ್ಕೆ ಇಟ್ಟ ಉಂಗುರ ಅಲ್ಲ. ಬಹಳ ವಾಚುಗಳಲ್ಲಿ ಗಾಜನ್ನು ಹಿಡಿದು ಕೂರಿಸುವುದೇ ಅದು. ಅದರ ಕೆಳಗೆ ಒಂದು ಗ್ಯಾಸ್ಕೆಟ್ ಇರುತ್ತದೆ. ನೀರು, ಧೂಳು ಒಳಗೆ ಹೋಗದ ಹಾಗೆ ತಡೆಯುವುದು ಆ ತೆಳ್ಳಗಿನ ಬಳೆ. ಸುತ್ತಲೂ ತೂತು ಕೊರೆದರೆ ಲೋಹ ಸೊರಗುತ್ತದೆ, ಗಾಜಿನ ಹಿಡಿತ ಸಡಿಲ ಆಗುತ್ತದೆ. ಮೆಷಿನ್ ಬಿಚ್ಚದೆ ಕೊರೆದರಂತೂ ಸ್ಟೀಲಿನ ಪುಡಿ ಒಳಗಿನ ಗಾಲಿಗಳಿಗೆ ಹೋಗುತ್ತದೆ. ಆಮೇಲೆ ಎಣ್ಣೆಗೆ ಅಂಟಿ ಕೂತ ಆ ಪುಡಿಯನ್ನು ತೆಗೆಯುವುದು ಅಂದರೆ ಇಡೀ ಮೆಷಿನ್ ಬಿಚ್ಚಿ ತೊಳೆಯಬೇಕು.

ಹೋದ ಮಳೆಗಾಲದಲ್ಲಿ ನನ್ನ ಟೇಬಲ್ಲಿಗೆ ಅಂಥ ಒಂದು ವಾಚು ಬಂದಿತ್ತು. ಎಲ್ಲಿ ಮಾಡಿಸಿದ್ದು ಅನ್ನುವುದು ಬೇಡ. ಡಯಲ್ ಮೇಲೆ ಹರಳುಗಳನ್ನು ಅಂಟು ಹಾಕಿ ಕೂರಿಸಿದ್ದರು. ಒಂದು ಕಳಚಿ ಸೆಕೆಂಡ್ ಮುಳ್ಳಿನ ಕೆಳಗೆ ಸಿಕ್ಕಿಕೊಂಡಿತ್ತು, ವಾಚು ನಿಂತಿತ್ತು. ಗಾಜಿನ ಒಳಗೆ ಆವಿ ಬೇರೆ. ಮುಳ್ಳಿಗೂ ಡಯಲಿಗೂ ನಡುವೆ ಇರುವ ಜಾಗ ಎಷ್ಟು ಸಣ್ಣದು ಅಂತ ಬಿಚ್ಚಿ ನೋಡಿದವರಿಗೇ ಗೊತ್ತು. ಒಂದು ಹರಳು ಸ್ವಲ್ಪ ಮೇಲೆದ್ದರೂ ಮುಳ್ಳು ತಾಗುತ್ತದೆ.

ಇನ್ನೊಂದು ಮಾತು. ಹೀಗೆ ಹೊರಗೆ ಕೊರೆಸಿದ ವಾಚನ್ನು ಬಹಳ ಕಂಪನಿಗಳು ಸರ್ವಿಸ್‌ಗೆ ಮುಟ್ಟುವುದಿಲ್ಲ. ವಾರಂಟಿ ಅಲ್ಲಿಗೆ ಮುಗಿಯಿತು.

ಸರಾಫ ಬಜಾರ್, ಗದಗ

ಧಾರವಾಡದ ಅಣ್ಣಾರು ಯಂತ್ರದ ಮಾತು ಹೇಳಿದರು. ನಾನು ಹರಳಿನ ಕಡೆಯಿಂದ ಹೇಳುತ್ತೇನೆ. ಹರಳು ಕೂಡಿಸುವುದು ನಮ್ಮ ಮನೆತನದ ಕೆಲಸ. ಮೂಗುತಿ, ಬೆಂಡೋಲೆ, ಉಂಗುರ ಇವೇ ಜಾಸ್ತಿ.

ಬೆಲೆ ಯಾಕೆ ಅಷ್ಟು ಅಂತ ಕೇಳಿದೆಯಲ್ಲ, ಲೆಕ್ಕ ನೋಡು. ವಾಚಿಗೆ ಹಾಕುವ ದುಂಡು ವಜ್ರ ಅಡ್ಡಳತೆಯಲ್ಲಿ ಸುಮಾರು 1 ಮಿಲಿಮೀಟರ್ ಇರುತ್ತದೆ ಅಂತ ಇಟ್ಟುಕೋ. ಅಂಥವು ಸುಮಾರು 200 ಸೇರಿದರೆ 1 ಕ್ಯಾರಟ್, ಅಂದರೆ 0.2 ಗ್ರಾಂ. ತೂಕದ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಆ 200ರಲ್ಲಿ ಪ್ರತಿಯೊಂದಕ್ಕೂ ಒಂದು ಮನೆ ಕೊರೆಯಬೇಕು. ದುಡ್ಡು ಹೋಗುವುದು ಅಲ್ಲಿ.

ಹೇಗೆ ಅಂದರೆ, ಮೊದಲು ತುಂಡನ್ನು ಅರಗಿನಲ್ಲಿ ಅಲುಗದ ಹಾಗೆ ಹಿಡಿಸುತ್ತೇವೆ. ಸಣ್ಣ ತೂತು ಕೊರೆಯುತ್ತೇವೆ. ಆಮೇಲೆ ಬರ್ ಅನ್ನುವ ತಿರುಗುವ ಸಣ್ಣ ಮೊನೆ ಹಾಕಿ ಆ ತೂತಿನ ಬಾಯಿಯನ್ನು ಹರಳಿನ ಸೊಂಟದ ಅಳತೆಗೆ ಸರಿಯಾಗಿ ಅಗಲಿಸುತ್ತೇವೆ. ಸೊಂಟ ಅಂದರೆ ಹರಳಿನ ಅತಿ ಅಗಲದ ಸುತ್ತು. ಮನೆ ಒಂದು ಕೂದಲು ದೊಡ್ಡದಾದರೆ ಹರಳು ಅಲ್ಲಾಡುತ್ತದೆ. ಸಣ್ಣದಾದರೆ ಒತ್ತುವಾಗ ಅಂಚು ಚಕ್ಕೆ ಹಾರುತ್ತದೆ. ವಜ್ರ ಗಟ್ಟಿ ನಿಜ, ಗಟ್ಟಿತನದ ಮೋಸ್ ಅಳತೆಯಲ್ಲಿ 10. ಆದರೆ ಗಟ್ಟಿ ಇದ್ದದ್ದು ಒಡೆಯುವುದಿಲ್ಲ ಅಂತ ಅಲ್ಲ. ಹರಳು ಸರಿಯಾಗಿ ಕೂತಾಗ ಬೆರಳಿಗೆ ಒಂದು ಸಣ್ಣ "ಟಕ್" ತಿಳಿಯುತ್ತದೆ, ಕಿವಿಗೆ ಕೇಳುವುದಿಲ್ಲ. ಆಮೇಲೆ ಚಾಣದಿಂದ ಪಕ್ಕದ ಬಂಗಾರವನ್ನೇ ಸಣ್ಣ ಎಳೆಯಾಗಿ ಎಬ್ಬಿಸಿ ಹರಳಿನ ಅಂಚಿನ ಮೇಲೆ ಬಗ್ಗಿಸುತ್ತೇವೆ. ಸಾಮಾನ್ಯವಾಗಿ ನಾಲ್ಕು ಕಡೆ. ಕೊನೆಗೆ ತುದಿಯಲ್ಲಿ ಗುಳಿ ಇರುವ ಸಲಾಕೆಯಿಂದ ಒತ್ತಿ ತಿರುಗಿಸಿದರೆ ಆ ಎಳೆ ದುಂಡಗಿನ ಕಾಳು ಆಗುತ್ತದೆ. ನಾಲ್ಕು ಕಾಳೂ ಒಂದೇ ಗಾತ್ರ ಇರಬೇಕು. ಇದು ಒಂದು ಹರಳಿನ ಕೆಲಸ.

ಈಗ ನಿನ್ನ ಸ್ಟೀಲಿಗೆ ಬಾ. ನಮ್ಮ 22 ಕ್ಯಾರಟ್ ಬಂಗಾರ ಮೆತ್ತಗೆ, ಹೇಳಿದ ಹಾಗೆ ಬಗ್ಗುತ್ತದೆ. ವಾಚಿನ ಕಂಪನಿಗಳು 18 ಕ್ಯಾರಟ್ ಬಳಸುತ್ತವೆ, ಸ್ವಲ್ಪ ಬಿರುಸು, ಹಿಡಿದದ್ದನ್ನು ಬಿಡುವುದಿಲ್ಲ. ಸ್ಟೀಲ್ ಹಾಗಲ್ಲ. ಚಾಣ ಜಾರುತ್ತದೆ, ಕಾಳು ಸುಲಭಕ್ಕೆ ಏಳುವುದಿಲ್ಲ. ಸ್ಟೀಲಿನಲ್ಲಿ ಚೆನ್ನಾಗಿ ಕೂಡಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಬೇರೆಯೇ ಪಳಗಿಕೆ. ಅದಿಲ್ಲದವರು ವಾರದಲ್ಲಿ ರೆಡಿ ಅಂದರೆ ಅಂಟು ಹಾಕುತ್ತಾರೆ ಅಂತ ತಿಳಿ.

ಏಲಕ್ಕಿ ಹಾರ, ಹಾವೇರಿ

ಎಲ್ಲರೂ ಹೇಗೆ ಕೂಡಿಸಬೇಕು ಅಂತ ಮಾತಾಡುತ್ತಿದ್ದೀರಿ. ಯಾಕೆ ಕೂಡಿಸಬೇಕು ಅನ್ನುವುದು ನನ್ನ ಪ್ರಶ್ನೆ. ವಾಚು ಟೈಮ್ ತೋರಿಸುವ ಸಾಮಾನು. ನಮ್ಮ ತಂದೆ ಎಚ್‌ಎಂಟಿ ಜನತಾ ಕಟ್ಟಿಕೊಂಡೇ ನೌಕರಿ ಪೂರ್ತಿ ಮುಗಿಸಿದರು. ದಿನಾ ಬೆಳಗ್ಗೆ ಕೀಲಿ ಕೊಡುತ್ತಿದ್ದರು. ಅದರಲ್ಲಿ ಇದ್ದ ಅಂದ ಯಾವ ವಜ್ರದ ವಾಚಿಗೂ ಇಲ್ಲ ಅಂತ ನನ್ನ ಅಭಿಪ್ರಾಯ. ಯಾರಿಗೂ ಬೇಜಾರು ಆಗಬಾರದು.

ಗಡಿಯಾರ ರಿಪೇರಿ, ಧಾರವಾಡ

ಹಾವೇರಿ ಸರ್, ಜನತಾ ಬಗ್ಗೆ ನಿಮ್ಮ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ. ಇವತ್ತಿಗೂ ನನ್ನ ಕೈಗೆ ಬಂದರೆ ಖುಷಿ. ಆದರೆ ತಂದೆಯವರ ವಾಚಿನ ಡಯಲ್ ಮೇಲೆ "17 ಜುವೆಲ್ಸ್" ಅಂತ ಬರೆದಿರುತ್ತದೆ, ನೆನಪಿದೆಯಾ? ಆ ವಾಚಿನ ಒಳಗೂ ಹರಳು ಇದೆ. ಕೆಂಪು ಮಾಣಿಕ್ಯ. ಗಾಲಿಯ ಅಚ್ಚಿನ ತುದಿ ತಿರುಗುವುದು ಅದರ ತೂತಿನಲ್ಲಿ. ಲೋಹದ ಮೇಲೆ ಲೋಹ ತಿರುಗಿದರೆ ಸವೆಯುತ್ತದೆ, ಮಾಣಿಕ್ಯದ ಮೇಲೆ ಹೆಚ್ಚುಕಮ್ಮಿ ಸವೆಯುವುದೇ ಇಲ್ಲ. 1704ರಲ್ಲಿ ಲಂಡನ್ನಿನಲ್ಲಿ ಫಾತಿಯೊ ಎಂಬ ಸ್ವಿಸ್ ಗಣಿತಜ್ಞ ಮತ್ತು ದೆಬಾಫ್ರ್ ಮನೆತನದ ಇಬ್ಬರು ಗಡಿಯಾರ ಕೆಲಸಗಾರರು ಸೇರಿ ಹರಳಿಗೆ ತೂತು ಕೊರೆಯುವ ಈ ಉಪಾಯಕ್ಕೆ ಪೇಟೆಂಟ್ ಪಡೆದರು. ಮುಂದೆ 1902ರಲ್ಲಿ ಫ್ರಾನ್ಸಿನ ವೆರ್ನೂಯ್ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನ ಹೊರಗೆ ತಂದ ಮೇಲೆ ಅದು ಅಗ್ಗ ಆಯಿತು. ಆಮೇಲೆ ಸಾಮಾನ್ಯ ಜನರ ವಾಚಿಗೂ 17 ಹರಳು ಸಿಕ್ಕವು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದಾಗ ಆ ಉಪಾಯ ನಮ್ಮ ಮನೆಗೂ ಬಂತು.

ಅಂದಕ್ಕೆ ಇಡುವ ಹರಳು ಬೇರೆ, ಇದು ಬೇರೆ. ಅದನ್ನೂ ಒಪ್ಪುತ್ತೇನೆ.

ನವನಗರ, ಈಗ ದುಬೈ

ಹಾವೇರಿ ಅಣ್ಣಾರೇ, ಯಾಕೆ ಅನ್ನುವುದಕ್ಕೆ ಇತಿಹಾಸದಲ್ಲೇ ಉತ್ತರ ಇದೆ. 16ನೇ ಶತಮಾನದಲ್ಲಿ ಜಿನೀವಾದಲ್ಲಿ ಕ್ಯಾಲ್ವಿನ್‌ನ ಧರ್ಮ ಸುಧಾರಣೆ ಬಂದಾಗ ಒಡವೆ ಆಡಂಬರಕ್ಕೆ ಕಡಿವಾಣ ಬಿತ್ತು. ಅಲ್ಲಿನ ಅಕ್ಕಸಾಲಿಗಳಿಗೆ ಕೆಲಸ ಕಡಿಮೆ ಆಯಿತು. ಗಡಿಯಾರಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಅವರು ಅತ್ತ ತಿರುಗಿದರು. 1601ರಲ್ಲಿ ಜಿನೀವಾದ ಗಡಿಯಾರ ಕೆಲಸಗಾರರು ತಮ್ಮದೇ ಸಂಘ ಕಟ್ಟಿಕೊಂಡರು. ಹಾಗಾಗಿ ಸ್ವಿಸ್ ವಾಚು ಹುಟ್ಟಿದ್ದರಲ್ಲೇ ಅಕ್ಕಸಾಲಿಯ ಕೈ ಇದೆ.

ನಾನು ಇಲ್ಲಿ ವಾಚಿನ ಶೋರೂಮ್‌ನಲ್ಲಿ ಕೆಲಸ ಮಾಡುತ್ತೇನೆ. ಹೊರಗೆ ವಜ್ರ ಕೂಡಿಸಿದ ವಾಚುಗಳು ಇಲ್ಲಿ ಬಹಳ. ಕಟ್ಟಿಕೊಂಡವರಿಗೆ ಖುಷಿ ಇದ್ದರೆ ತಪ್ಪೇನು ಅಂತ ನನಗೆ ಅನಿಸುತ್ತದೆ. ಅವರ ದುಡ್ಡು, ಅವರ ಕೈ. ಆದರೆ ಮಾರಲು ತಂದಾಗ ಹಾಕಿದ ವಜ್ರದ ದುಡ್ಡು ಬರುವುದಿಲ್ಲ. ಏನೂ ಮಾಡಿಸದ ಅದೇ ವಾಚಿಗೆ ಅದಕ್ಕಿಂತ ಜಾಸ್ತಿ ಬರುತ್ತದೆ. ಇಷ್ಟು ತಿಳಿದು ಮಾಡಿಸಿದರೆ ಸಾಕು.

ಸರಾಫ ಬಜಾರ್, ಗದಗ

ತಪ್ಪೇನು ಅಂದಿರಿ ಅಣ್ಣಾರೇ, ತಪ್ಪು ಇದೆ. ಅಂಟು ಹಾಕಿದ ವಜ್ರ ಹೊಳೆಯುವುದಿಲ್ಲ. ದುಡ್ಡು ಯಾರದೇ ಇರಲಿ, ಹರಳಿಗೆ ಮಾಡುವ ಅನ್ಯಾಯ ಅದು.

ಬೆಳಕು ವಜ್ರದ ಒಳಗೆ ಹೋಗಿ ಕೆಳಗಿನ ಮುಖಗಳಿಗೆ ಬಡಿದು ಮೇಲಕ್ಕೆ ವಾಪಸ್ ಬಂದರೆ ತಾನೇ ಹೊಳಪು? ಕೆಳಗೆ ಗಾಳಿ ಇದ್ದರೆ 24 ಡಿಗ್ರಿಗಿಂತ ಓರೆಯಾಗಿ ಬಡಿದ ಬೆಳಕೆಲ್ಲ ವಾಪಸ್ ಬರುತ್ತದೆ. ಕೆಳಗೆ ಅಂಟು ತುಂಬಿದರೆ ಆ ಗಡಿ 38 ಡಿಗ್ರಿಯ ಹತ್ತಿರ ಹೋಗುತ್ತದೆ. ನಡುವಿನದೆಲ್ಲ ಅಂಟಿನ ಒಳಗೆ ಸೋರಿ ಹೋಯಿತು. ಒಳ್ಳೆ ವಜ್ರವೂ ಗಾಜಿನ ಚೂರಿನ ಹಾಗೆ ಮಂಕು ಕಾಣುತ್ತದೆ. ಅದಕ್ಕೇ ಒಳ್ಳೆ ಕೆಲಸದಲ್ಲಿ ಹರಳಿನ ಹಿಂದೆ ಲೋಹವನ್ನು ತೆರೆದು ಬಿಡುತ್ತಾರೆ, ಬೆಳಕೂ ಆಡುತ್ತದೆ, ತೊಳೆಯಲೂ ಬರುತ್ತದೆ. ನಮ್ಮ ಕುಂದಣದಲ್ಲಿ ಹಿಂದೆ ಮುಚ್ಚಿ ಹೊಳೆಯುವ ಬೇಗಡೆ ಹಾಳೆ ಇಡುತ್ತೇವಲ್ಲ ಅಂತ ಕೇಳಬಹುದು. ಅಲ್ಲಿ ಹರಳು ಚಪ್ಪಟೆ, ಬೆಳಕು ತಿರುಗಿಸುವ ಮುಖಗಳು ಇಲ್ಲ. ಬೇಗಡೆಯೇ ಆ ಕೆಲಸ ಮಾಡುತ್ತದೆ. 57 ಮುಖದ ಬ್ರಿಲಿಯಂಟ್ ಹರಳಿಗೆ ಅದು ಬೇಡ.

ಕಸೂತಿ ಮನೆ, ಧಾರವಾಡ

ನಾನು ವಾಚಿನ ವಿಷಯ ತಿಳಿದವಳಲ್ಲ, ಆದರೆ ಕಾಕಾರ ಮಾತು ಓದಿ ಸುಮ್ನಿರಲು ಆಗಲಿಲ್ಲ. ನಮ್ಮ ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆ ನೋಡುವಾಗ ಹಿರಿಯರು ಸೀರೆ ಮುಂದೆ ನೋಡುವುದಿಲ್ಲ, ಮೊದಲು ತಿರುಗಿಸುತ್ತಾರೆ. ಗಂಟು ಇರಬಾರದು, ಹಿಂದೆಯೂ ಮುಂದಿನ ಹಾಗೆಯೇ ಇರಬೇಕು. ಹರಳಿನ ಕೆಲಸವನ್ನೂ ಹಿಂದಿನಿಂದ ನೋಡಿ ಹೇಳಬಹುದು ಅಂತ ಆಯಿತು.

ನನ್ನ ಪ್ರಶ್ನೆ ಬೇರೆ. ಹರಳೇ ಇಲ್ಲದೆ ವಾಚಿಗೆ ಅಂದ ಮಾಡುವ ಕೆಲಸಗಳು ಇವೆಯಾ? ಡಯಲ್ ಮೇಲೆ ಅಲೆ ಅಲೆ ಗೆರೆ ಇರುವ ಫೋಟೋ ನೋಡಿದ್ದೇನೆ, ಅಷ್ಟು ಸಮ ಇರುವ ಗೆರೆಗಳನ್ನು ಹೇಗೆ ಕೊರೆಯುತ್ತಾರೆ?

ನವನಗರ, ಈಗ ದುಬೈ

ಅಕ್ಕಾರೇ, ಅದಕ್ಕೆ ಗಿಲೋಶೆ ಅಂತಾರೆ. ಕೈಯಿಂದ ತಿರುಗಿಸುವ ಹಳೆಯ ಕಾಲದ ಯಂತ್ರ ಇರುತ್ತದೆ. ಒಂದು ಕೈ ಚಕ್ರ ತಿರುಗಿಸುತ್ತದೆ, ಇನ್ನೊಂದು ಕೈ ಚಾಣವನ್ನು ಡಯಲಿಗೆ ಒತ್ತುತ್ತದೆ. ಒತ್ತು ಸ್ವಲ್ಪ ಹೆಚ್ಚಾದರೆ ಆ ಗೆರೆ ದಪ್ಪ ಆಗುತ್ತದೆ, ಡಯಲ್ ಹೋಯಿತು. ಬ್ರೆಗೆ ಎಂಬ ಹೆಸರಾಂತ ಗಡಿಯಾರ ಕೆಲಸಗಾರರು 1786ರ ಸುಮಾರಿಗೆ ಇದನ್ನು ಡಯಲಿಗೆ ತಂದರು. ಅಂದಕ್ಕೆ ಮಾತ್ರ ಅಲ್ಲ. ಹೊಳೆಯುವ ಲೋಹದ ಮೇಲೆ ಗೆರೆ ಬಿದ್ದರೆ ಕಣ್ಣಿಗೆ ಚುಚ್ಚುವುದಿಲ್ಲ, ಮುಳ್ಳು ಬೇಗ ಕಾಣುತ್ತದೆ. ಹಾವೇರಿ ಅಣ್ಣಾರಿಗೂ ಇದು ಒಪ್ಪಿಗೆ ಆಗಬಹುದು.

ಮೀನಾ ಕೆಲಸವೂ ಇದೆ. ಬಣ್ಣದ ಗಾಜಿನ ಪುಡಿ ಹಚ್ಚಿ 800 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಮತ್ತೆ ಮತ್ತೆ ಸುಡುತ್ತಾರೆ. ಡಯಲ್ ಸೊಟ್ಟ ಆಗಬಾರದು ಅಂತ ಹಿಂದಿನ ಕಡೆಯೂ ಒಂದು ಪದರ ಹಚ್ಚುತ್ತಾರೆ. ಎಷ್ಟೇ ಸಲ ಚೆನ್ನಾಗಿ ಬಂದಿದ್ದರೂ ಕೊನೆಯ ಸುಡುವಿಕೆಯಲ್ಲಿ ಬಿರುಕು ಬಿಟ್ಟರೆ ಮೊದಲಿನಿಂದ ಶುರು.

ಇನ್ನೊಂದು ನನಗೆ ಬಹಳ ಇಷ್ಟ. 2016ರಲ್ಲಿ ಓಡೆಮಾರ್ ಪಿಗೆ ಕಂಪನಿ ಕರೊಲಿನಾ ಬುಚ್ಚಿ ಎಂಬ ಇಟಲಿಯ ಒಡವೆ ವಿನ್ಯಾಸಗಾರ್ತಿಯ ಜೊತೆ ರಾಯಲ್ ಓಕ್ ವಾಚಿನ ಒಂದು ಬಗೆ ತಂದಿತು. ವಜ್ರದ ಮೊನೆ ಇರುವ ಉಪಕರಣದಿಂದ ಬಂಗಾರವನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟುತ್ತಾರೆ, ಫ್ಲಾರೆನ್ಸಿನ ಹಳೆಯ ವಿದ್ಯೆ. ವಾಚು ಪೂರ್ತಿ ಮಿನುಗುತ್ತದೆ.

ರಾಣೇಬೆನ್ನೂರು

ನಾನು ಜೆಮಾಲಜಿ, ಅಂದರೆ ರತ್ನಗಳ ಶಾಸ್ತ್ರ ಓದುತ್ತಿದ್ದೇನೆ. ಬಣ್ಣದ ಹರಳಿನ ಬಗ್ಗೆ ಯಾರೂ ಹೇಳಲಿಲ್ಲ, ಅದು ನನ್ನ ಪ್ರೀತಿಯ ವಿಷಯ.

ರೋಲೆಕ್ಸ್ 2012ರಲ್ಲಿ ತಂದ ರೇನ್‌ಬೋ ಡೇಟೋನಾ ವಾಚು ನೋಡಿ. ಬೆಜೆಲ್ ಸುತ್ತ 36 ನೀಲಮಣಿ, ಇಟ್ಟಿಗೆಯ ಹಾಗೆ ಉದ್ದುದ್ದ ಕತ್ತರಿಸಿದ ಬ್ಯಾಗೆಟ್ ಹರಳುಗಳು. ನೀಲಮಣಿ ಬರೀ ನೀಲಿ ಇರುವುದಿಲ್ಲ, ಗುಲಾಬಿ, ಹಳದಿ, ಕಿತ್ತಳೆ, ಹಸಿರು ಎಲ್ಲಾ ಬರುತ್ತದೆ. ಒಂದು ಬಣ್ಣದಿಂದ ಪಕ್ಕದ ಬಣ್ಣಕ್ಕೆ ಎಲ್ಲಿ ದಾಟಿದೆವು ಅಂತ ಗೊತ್ತಾಗದ ಹಾಗೆ ಸುತ್ತು ಮುಗಿಯಬೇಕು. ಒಂದು ಹರಳು ಸ್ವಲ್ಪ ಮಾಸಲು ಇದ್ದರೆ ಇಡೀ ಸುತ್ತು ಕೆಡುತ್ತದೆ. ಅದಕ್ಕೇ ಕೂಡಿಸುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸ ಅಂತ ನನಗೆ ಅನಿಸುತ್ತದೆ. ಬ್ಯಾಗೆಟ್ ಬಹಳ ಕಟ್ಟುನಿಟ್ಟಿನ ಹರಳು. ದುಂಡು ಹರಳಿನ ಮಿಂಚಿನಲ್ಲಿ ಸಣ್ಣ ಕಲೆ ಮುಚ್ಚಿ ಹೋಗುತ್ತದೆ, ಬ್ಯಾಗೆಟ್ ಕಿಟಕಿಯ ಹಾಗೆ ತೆರೆದಿರುತ್ತದೆ, ಏನೂ ಮುಚ್ಚುವುದಿಲ್ಲ.

ಹರಳುಗಳ ಎತ್ತರದ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ 2 ಭಾಗ ದಾಟಬಾರದು ಅಂತ ರೋಲೆಕ್ಸ್ ನಿಯಮ. ತಲೆಗೂದಲಿನ ದಪ್ಪದ ಕಾಲು ಭಾಗ. ಇನ್ನು ಪ್ಯಾರಿಸ್ಸಿನ ಒಡವೆ ಕಂಪನಿ ವ್ಯಾನ್ ಕ್ಲೀಫ್ ಅವರು 1933ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಂತೂ ಲೋಹವೇ ಕಾಣುವುದಿಲ್ಲ. ಹರಳಿನ ಪಕ್ಕಕ್ಕೇ ಸಣ್ಣ ಕಾಲುವೆ ಕೊರೆದು, ಬಂಗಾರದ ತೆಳು ಹಳಿಯ ಮೇಲೆ ಒಂದೊಂದಾಗಿ ಸರಿಸುತ್ತಾರೆ.

ಸರಾಫ ಬಜಾರ್, ಗದಗ

ಆರಿಸುವುದೇ ದೊಡ್ಡದು ಅನ್ನುವುದಕ್ಕೆ ನಾನು ಒಪ್ಪುವುದಿಲ್ಲಮ್ಮ, ಆದರೆ ನೀನು ಓದುತ್ತಿರುವುದು ಕೇಳಿ ಸಂತೋಷ ಆಯಿತು. ಆ ನೂರರಲ್ಲಿ 2 ಭಾಗ ಹಿಡಿಯುವವರು ಯಾರು? ಮನೆ ಕೊರೆಯುವ ಕೈ. ಹರಳಿನ ಬದಿಗೆ ಕಾಲುವೆ ಕೊರೆಯುವ ಮಾತು ಓದಿಯೇ ಬೆರಳು ಬಿಗಿ ಆಯಿತು ನನಗೆ. ಒಂದು ಸಲ ಜಾರಿದರೆ ಹರಳೇ ಹೋಯಿತು.

ಒಂದು ವಿಷಯ ಕೇಳುತ್ತೇನೆ. ಹಿಮ ಬಿದ್ದ ಹಾಗೆ ಹರಳು ಕೂಡಿಸುವ ಒಂದು ಬಗೆ ಇದೆಯಂತಲ್ಲ, ಸಾಲು ಇಲ್ಲದೆ?

ರಾಣೇಬೆನ್ನೂರು

ಹೌದು ಕಾಕಾರೇ, ಸ್ನೋ ಸೆಟ್ಟಿಂಗ್. 2000ರ ದಶಕದ ಶುರುವಿನಲ್ಲಿ ಜೇಗರ್ ಲಿಕೂಲ್ಟ್ರ್ ಕಂಪನಿ ತಂದದ್ದು. ಬೇರೆ ಬೇರೆ ಅಡ್ಡಳತೆಯ ವಜ್ರಗಳನ್ನು ಒತ್ತಾಗಿ, ನಡುವೆ ಲೋಹ ಕಾಣದ ಹಾಗೆ ತುಂಬುತ್ತಾರೆ. ಮೊದಲೇ ಕೊರೆದ ಸಾಲು ಇರುವುದಿಲ್ಲ. ಮುಂದಿನ ಹರಳು ಯಾವುದು, ಎಲ್ಲಿ ಅಂತ ಕೆಲಸಗಾರ ಕೂತಲ್ಲೇ ತೀರ್ಮಾನಿಸುತ್ತಾನೆ. ಇಬ್ಬರು ಮಾಡಿದ ಡಯಲ್ ಒಂದೇ ಥರ ಬರುವುದಿಲ್ಲ.

ಸರಾಫ ಬಜಾರ್, ಗದಗ

ಹಾಗಾದರೆ ಅದು ಕಲಿಸಿ ಕೊಡುವ ಕೆಲಸ ಅಲ್ಲ, ಕೂತು ಕೂತು ಬರಬೇಕು. ನೋಡಬೇಕು ಒಮ್ಮೆ.

ಏಲಕ್ಕಿ ಹಾರ, ಹಾವೇರಿ

ಎಲ್ಲ ಓದಿದೆ. ಗಿಲೋಶೆ, ಮೀನಾ ಕೆಲಸ, ಹಿಮದ ಹಾಗೆ ಕೂಡಿಸುವುದು, ಇವು ಕೈಚಳಕ, ಗೌರವ ಇದೆ. ಆದರೆ ಗ್ರಾಫ್ ಕಂಪನಿಯವರು 2014ರಲ್ಲಿ 110 ಕ್ಯಾರಟ್ ವಜ್ರ ತುಂಬಿದ ವಾಚು ತಂದು 5.5 ಕೋಟಿ ಡಾಲರ್ ಬೆಲೆ ಇಟ್ಟಿದ್ದರಲ್ಲ, ಅದರ ಫೋಟೋದಲ್ಲಿ ಟೈಮ್ ನೋಡುವ ಡಯಲನ್ನು ಹುಡುಕಬೇಕಾಗುತ್ತದೆ. ಅಂಥದ್ದನ್ನು ವಾಚು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಗಡಿಯಾರ ರಿಪೇರಿ, ಧಾರವಾಡ

ಅದು ವಾಚಿರುವ ಬಳೆ. ಕೆಟ್ಟದ್ದಲ್ಲ, ಆದರೆ ಬೇರೆ ಜಾತಿ. ಹರಳು ಎಷ್ಟೇ ಇರಲಿ, ಮುಳ್ಳು ಓದಲು ಬರಬೇಕು, ಕಿರೀಟ, ಅಂದರೆ ಪಕ್ಕದ ಕೀಲಿ ಗುಂಡಿ, ತಿರುಗಿಸಲು ಬೆರಳಿಗೆ ಜಾಗ ಇರಬೇಕು, ತೋಳಿನ ಬಟ್ಟೆಗೆ ಸಿಕ್ಕಬಾರದು. ಇಷ್ಟು ಇದ್ದರೆ ಅದನ್ನು ನಾನು ಒಳ್ಳೆ ವಾಚು ಅಂತೀನಿ.

ಕಸೂತಿ ಮನೆ, ಧಾರವಾಡ

ಬಟ್ಟೆಯ ಮಾತಿಗೆ ಜೀವ ಹೋಗುತ್ತದೆ ಅಣ್ಣಾರೇ. ಹರಳು ಹಿಡಿಯುವ ಹಲ್ಲು ಎದ್ದ ಉಂಗುರ ಇಳಕಲ್ ಸೆರಗಿಗೆ ಸಿಕ್ಕು ಎಳೆ ಕಿತ್ತದ್ದನ್ನು ಎಷ್ಟು ನೋಡಿದ್ದೇನೆ.

ಸರಾಫ ಬಜಾರ್, ಗದಗ

ಅಕ್ಕಾರೇ, ನಮ್ಮ ಪರೀಕ್ಷೆಯೇ ಅದು. ಕೆಲಸ ಮುಗಿದ ಮೇಲೆ ರೇಷ್ಮೆ ತುಂಡನ್ನು ಹರಳಿನ ಮೇಲೆ ಎಳೆಯುತ್ತೇವೆ. ಎಲ್ಲೂ ಹಿಡಿಯದೆ ಜಾರಿದರೆ ಪಾಸ್. ತಮ್ಮಾ, ಯಾವ ಅಂಗಡಿಯಲ್ಲಿ ಹರಳಿನ ವಾಚು ನೋಡಿದರೂ ಇದನ್ನು ಮಾಡು. ಆಮೇಲೆ 10 ಪಟ್ಟು ದೊಡ್ಡದು ಮಾಡುವ ಭೂತಗಾಜು ಹಿಡಿದು ನೋಡು: ಕಾಳುಗಳು ದುಂಡಗಿವೆಯಾ, ಹರಳುಗಳ ತಲೆ ಒಂದೇ ಮಟ್ಟದಲ್ಲಿ ಇದೆಯಾ, ಅಂಚಿನಲ್ಲಿ ಹಳದಿ ಅಂಟು ಇಣುಕುತ್ತದೆಯಾ. ವಾಚನ್ನು ಓರೆ ಮಾಡಿದಾಗ ಬೆಳಕು ಸಾಲಿನ ಮೇಲೆ ಒಂದೇ ಸಮ ಹರಿಯಬೇಕು, ನಡುವೆ ಎಡವಬಾರದು.

ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ನೀವು ಬರೆದದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅಂಟಿನ ಮಾತು ಕೇಳಿ ಅವರೇ ಬೇಡ ಅಂದರು. ವಾಚಿಗೆ ಏನೂ ಮಾಡಿಸುವುದಿಲ್ಲ. ವಜ್ರಕ್ಕೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಭಾವನಿಗೆ ಬೇರೆ ಉಂಗುರ ಮಾಡಿಸೋಣ ಅಂತ ಮಾತಾಗಿದೆ. ಅಜ್ಜಿಗೆ ಮಾತ್ರ ವಾಚಿನ ಮೇಲೆ ಏನಾದರೂ ಗುರುತು ಇರಬೇಕಂತೆ. ಹಿಂದಿನ ಮುಚ್ಚಳದ ಮೇಲೆ ಹೆಸರು, ತಾರೀಖು ಕೆತ್ತಿಸಬಹುದಾ? ಉಂಗುರಕ್ಕೆ ಪಚ್ಚೆ ಹಾಕಿಸಿದರೆ ಹೇಗೆ?

ಗಡಿಯಾರ ರಿಪೇರಿ, ಧಾರವಾಡ

ಒಳ್ಳೆ ನಿರ್ಧಾರ. ಹಿಂದಿನ ಮುಚ್ಚಳ ನೀರು ತಡೆಯುವ ಭಾಗ, ಆಳವಾಗಿ ಕೆತ್ತಿಸಬೇಡ. ಬೆಲ್ಟಿನ ಕೊಂಡಿ ಸ್ಟೀಲಿನದೇ ಇರುತ್ತದೆ, ಅದರ ಒಳಮುಖದಲ್ಲಿ ಮೇಲುಮೇಲೆ ಕೆತ್ತಿಸು. ಮುಂದೆ ಬೇಡ ಅನಿಸಿದರೆ ಕೊಂಡಿ ಬದಲಿಸಬಹುದು. ಕೆತ್ತಲು ಕೊಡುವಾಗ ಕೊಂಡಿ ಬಿಚ್ಚಿ ಅದನ್ನಷ್ಟೇ ಕೊಡು.

ರಾಣೇಬೆನ್ನೂರು

ದಿನಾ ಹಾಕುವ ಗಂಡಸರ ಉಂಗುರಕ್ಕೆ ಪಚ್ಚೆ ಬೇಡ ಅಣ್ಣಾ. ಮೋಸ್ ಅಳತೆಯಲ್ಲಿ 7.5ರಿಂದ 8, ಒಳಗೆ ಹುಟ್ಟು ಬಿರುಕು ಜಾಸ್ತಿ. ಬಹಳಷ್ಟು ಪಚ್ಚೆಗಳ ಬಿರುಕಿಗೆ ಎಣ್ಣೆ ತುಂಬಿರುತ್ತಾರೆ, ಅಲ್ಟ್ರಾಸಾನಿಕ್ ಮೆಷಿನ್‌ನಲ್ಲಿ ತೊಳೆದರೆ ಅದು ಹೊರಗೆ ಬಂದು ಬಿರುಕು ಎದ್ದು ಕಾಣುತ್ತದೆ. ನೀಲಮಣಿ 9, ನಿಶ್ಚಿಂತೆ. ವಾಚಿನ ನೀಲಿ ಡಯಲಿಗೂ ಒಪ್ಪುತ್ತದೆ.

ಸರಾಫ ಬಜಾರ್, ಗದಗ

ನೀಲಮಣಿಯೇ ಸರಿ. ಹಲ್ಲು ಇರುವ ಕಟ್ಟು ಬೇಡ, ಸುತ್ತಲೂ ಬಂಗಾರದ ಅಂಚು ಬಗ್ಗಿಸಿ ಹಿಡಿಸುವ ಕಟ್ಟು ಹೇಳು. ಹಿಂದೆ ತೆರೆದಿರಲಿ. 18 ಕ್ಯಾರಟ್ಟಿನಲ್ಲಿ ಮಾಡಿಸು, ಹಿರಿಯರು 22 ಅಂದರೂ. ಯಾರ ಹತ್ತಿರ ಮಾಡಿಸಿದರೂ ಹರಳು ಕೂಡಿಸುವ ದಿನ ಎದುರಿಗೆ ಕೂತು ನೋಡುತ್ತೇನೆ ಅಂತ ಕೇಳು. ಕೆಲಸ ಬಲ್ಲವರು ಬೇಡ ಅನ್ನುವುದಿಲ್ಲ.